ಸಹಿ ಹಾಕೋ ಮೊದಲು ಕೇಳ್ರಿ

ಸದಲಗಾದ ನಿಮ್ಮ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ಯಾರೋ ಬಂದು, "ಔಷಧದ ಸಂಶೋಧನೆ ನಡೆದೈತ್ರಿ, ನಿಮ್ಮ ಸೊಸಿ ಹೆಸರು ಬರ್ಕೊಳ್ಳೋಣೇನ್ರಿ?" ಅಂದರೆ ಬಾಗಿಲು ಹಾಕಬೇಡಿ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದ ಅಧ್ಯಯನಕ್ಕೆ 1,620 ಹೆಣ್ಣುಮಕ್ಕಳು ಒಪ್ಪಿದ್ದರು. ಹೆರಿಗೆಯಾದ ಕೂಡಲೇ ಅರ್ಧದಷ್ಟು ಮಂದಿಗೆ ಎ.ಎನ್.ಎಂ. ಸಿಸ್ಟರ್ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ. ಅತಿ ರಕ್ತಸ್ರಾವ ಹುಸಿಗುಳಿಗೆಯವರಲ್ಲಿ ಶೇ. 12, ಔಷಧ ನುಂಗಿದವರಲ್ಲಿ ಶೇ. 6.4. 'ಲ್ಯಾನ್ಸೆಟ್' ಪತ್ರಿಕೆ 2006ರಲ್ಲಿ ಇದನ್ನು ಪ್ರಕಟಿಸಿತು. ಈ ಗುಳಿಗೆಗೆ ಸೂಜಿ ಬೇಡ, ಫ್ರಿಜ್ಜೂ ಬೇಡ. ಹಳ್ಳಿಗೆ ಹೇಳಿ ಮಾಡಿಸಿದ ಮದ್ದು.

ಹಾಗಂತ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ಮರಾಠಿಯಲ್ಲೋ ಪೂರ್ತಿ ಓದಿಸಿಕೊಳ್ಳಿ. ನಮಗೂ ಹುಸಿಗುಳಿಗೆ ಬರಬಹುದೇ? ನೈತಿಕ ಸಮಿತಿ ಒಪ್ಪಿದೆಯೇ? ಸಿ.ಟಿ.ಆರ್.ಐ. (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ ಯಾವುದು? ಹೊಸ ಔಷಧದ ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರಕ್ಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿ ಅವಕಾಶವಿದೆ. ನಡುವೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು. ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಅತ್ತೆಯಂದಿರೇ, ಸಿಟ್ಟಾಗಬೇಡಿ: ಸಹಿ ಸೊಸೆಯದೇ ಆಗಬೇಕು, ಮನಸ್ಸೂ ಅವಳದೇ. ಪತ್ರದ ಒಂದು ಪ್ರತಿ ಕೇಳಿ ಪಡೆದು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.