ಸಾವಿನ ಸುದ್ದಿ ತಿಳಿಸುವುದೂ ಒಂದು ಸೇವೆ



ಮಳೆ ಕೈಕೊಟ್ಟ ವರ್ಷ ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಎಷ್ಟೋ ಮಂದಿ ಗುಳೆ ಹೋಗುತ್ತಾರೆ. ಹೋದವರೆಲ್ಲ ತಿರುಗಿ ಬರುವುದಿಲ್ಲ. ಯಲಬುರ್ಗಾ ತಾಲ್ಲೂಕಿನ ಒಂದು ಸಂಘದ ಸದಸ್ಯೆಯ ಗಂಡ ದೂರದ ಊರಿನಲ್ಲಿ ಕಟ್ಟಡ ಕೆಲಸ ಮಾಡುವಾಗ ಬಿದ್ದು ತೀರಿಕೊಂಡ. ಮೇಸ್ತ್ರಿ ಫೋನ್ ಮಾಡಿದ್ದು ಮೈದುನನಿಗೆ. ಆಕೆಗೆ ಮಾತ್ರ "ಆರಾಮಿಲ್ಲ ಅಷ್ಟ" ಎಂದರು. ಅಂಬುಲೆನ್ಸ್ ಊರ ಅಗಸಿಗೆ ಬಂದಾಗಲೇ ಆಕೆಗೆ ನಿಜ ತಿಳಿದದ್ದು. "ಹೆಂಗ ಸತ್ತ, ನೀರು ಕೇಳಿದ್ನೋ ಇಲ್ಲೋ, ಯಾರೂ ಹೇಳಲಿಲ್ರಿ ಸಿಸ್ಟರ್" ಎಂದು ಇಂದಿಗೂ ಅಳುತ್ತಾಳೆ. ನಾವು ಹೋಗಿ ಸಮಾಧಾನ ಹೇಳಿ ಬಂದೆವು. ಆಕೆಯ ಪ್ರಶ್ನೆಗೆ ಉತ್ತರ ಹುಡುಕಿ ಕೊಡಲಿಲ್ಲ. ಅದು ನಮ್ಮ ತಪ್ಪು.

ದಾದಿಯೊಬ್ಬಳು ಬರೆದ ಕಾಗದ

ಫ್ಲಾರೆನ್ಸ್ ನೈಟಿಂಗೇಲ್ ಎಂಬ ದಾದಿಯ ಹೆಸರು ಕೇಳಿದ್ದೀರಿ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಸೈನಿಕರ ಆರೈಕೆಗೆ ಆಕೆ 1854ರ ನವೆಂಬರಿನಲ್ಲಿ 38 ಮಹಿಳೆಯರೊಂದಿಗೆ ಟರ್ಕಿ ದೇಶದ ಸ್ಕುಟಾರಿ ಆಸ್ಪತ್ರೆಗೆ ಬಂದಳು. ಅವರಲ್ಲಿ 10 ಮಂದಿ ಕಥೋಲಿಕ ಸಿಸ್ಟರುಗಳು. ಅಲ್ಲಿ ಗಾಯಕ್ಕಿಂತ ಜ್ವರ, ಭೇದಿಯಿಂದ ಸತ್ತವರೇ ಹೆಚ್ಚು. ಅಷ್ಟು ಕೆಲಸದ ನಡುವೆಯೂ ಆಕೆ ಸತ್ತವರ ಮನೆಗಳಿಗೆ ಕಾಗದ ಬರೆಯುತ್ತಿದ್ದಳು.

ಒಬ್ಬ ಸೈನಿಕ 1855ರ ಫೆಬ್ರವರಿಯಲ್ಲಿ ಸತ್ತಿದ್ದ. ವರ್ಷವಾದರೂ ಹೆಂಡತಿಗೆ ಸುದ್ದಿ ಇರಲಿಲ್ಲ. ಆಕೆ ವಿಚಾರಿಸಿ ಬರೆದಾಗ ನೈಟಿಂಗೇಲ್ ಅವಸರದಲ್ಲಿ ಉತ್ತರಿಸಲಿಲ್ಲ. ಅದೇ ಹೆಸರಿನ ಇನ್ನೊಬ್ಬ ಇರಬಹುದೆಂದು ಮೊದಲು ಆತನ ಸೇನಾಧಿಕಾರಿಯನ್ನು ಕೇಳಿ ಖಚಿತ ಮಾಡಿಕೊಂಡಳು. ಆಮೇಲೆ ಯಾವ ದಿನ, ಯಾವ ರೋಗದಿಂದ ತೀರಿಕೊಂಡ ಎಂದು ಮುಚ್ಚುಮರೆ ಇಲ್ಲದೆ ತಿಳಿಸಿದಳು. ತನಗೂ ದುಃಖವಾಗಿದೆ ಎಂದಳು. ವಿಧವೆಯರ ನಿಧಿಗೆ ಹೇಗೆ ಅರ್ಜಿ ಹಾಕಬೇಕೆಂಬುದನ್ನೂ ಅದೇ ಕಾಗದದಲ್ಲಿ ಬರೆದಳು. ಕಣ್ಣೀರು ಒರೆಸುವ ಮಾತು, ಮುಂದಿನ ಬದುಕಿನ ದಾರಿ, ಎರಡೂ ಒಂದೇ ಕಾಗದದಲ್ಲಿ!

ಇನ್ನೊಂದು ವಿಷಯ ಸಂಘದವರಾದ ನಮಗೆ ಹಿತವಾದದ್ದು. "ಸೈನಿಕರ ಕೈಗೆ ದುಡ್ಡು ಬಂದರೆ ಕುಡಿದು ಹಾಳು ಮಾಡುತ್ತಾರೆ" ಎಂದು ಅಧಿಕಾರಿಗಳು ಹೇಳುತ್ತಿದ್ದರು. ಆಕೆ ನಂಬಲಿಲ್ಲ. ಅವರ ಹಣವನ್ನು ತಾನೇ ತೆಗೆದುಕೊಂಡು ಮನೆಗಳಿಗೆ ಕಳಿಸತೊಡಗಿದಳು. ಮುಂದೆ ಅದಕ್ಕಾಗಿ ಕಚೇರಿಗಳೇ ಆದವು. ಆರು ತಿಂಗಳೊಳಗೆ 71,000 ಪೌಂಡ್ ಸೈನಿಕರ ಮನೆ ಸೇರಿತು.

ನಮ್ಮ ಕಡೆಯ ಮಾತು

ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಮರೆತಿಲ್ಲ ತಾನೇ? 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಸಿಕ್ಕಿಬಿದ್ದರು. ದಿನಗಳ ನಂತರ ಇವರೊಬ್ಬರು ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಸ್ಥಿತಿ ಹೇಗಿದೆ ಎಂದು ದೇಶವೆಲ್ಲ ದಿನದಿನವೂ ಕೇಳಿತು. ಗುಳೆ ಹೋಗಿ ಸತ್ತವನೂ ಒಬ್ಬ ತಾಯಿಯ ಮಗನೇ. ಆತನ ಸುದ್ದಿಯನ್ನು ನಾವಾದರೂ ಕೇಳಬೇಡವೇ?

ಸಂಘ ಏನು ಮಾಡಬಹುದು?

1. ಸುದ್ದಿ ನಿಜವೋ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಇಬ್ಬರು ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು, ನೇರವಾಗಿ ತಿಳಿಸಿ. ಸುಳ್ಳು ಆಸೆ ಹುಟ್ಟಿಸಬೇಡಿ. "ಎಲ್ಲಾ ಹಣೆಬರಹ" ಎಂದು ಬಾಯಿ ಮುಚ್ಚಿಸಬೇಡಿ.

2. ಜೊತೆಯಲ್ಲಿದ್ದ ಕೆಲಸಗಾರರನ್ನು ಕೇಳಿ: ಏನಾಯಿತು, ಪಕ್ಕದಲ್ಲಿ ಯಾರಿದ್ದರು, ಏನು ಮಾತಾಡಿದ, ಬಟ್ಟೆ, ಫೋನು, ಬಾಕಿ ಕೂಲಿ ಎಲ್ಲಿವೆ? ಓದು ಬಲ್ಲವರು ಇದನ್ನು ಹಾಳೆಯಲ್ಲಿ ಬರೆದು ಆಕೆಗೆ ಕೊಡಿ. ಮುಂದೆ ಮಕ್ಕಳು ಕೇಳಿದಾಗ ಅದು ಬೇಕಾಗುತ್ತದೆ.

3. ಮರಣ ನೋಂದಣಿ ಆಗುವುದು ಸಾವು ಸಂಭವಿಸಿದ ಊರಿನಲ್ಲಿ, ನಮ್ಮೂರಲ್ಲಿ ಅಲ್ಲ. 21 ದಿನಗಳೊಳಗೆ ಮಾಡಿಸಿ. ಅಪಘಾತವಾದರೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ಪ್ರತಿ ಇಟ್ಟುಕೊಳ್ಳಿ. ಕೆಲಸದಲ್ಲಿ ಆದ ಅಪಘಾತಕ್ಕೆ ಪರಿಹಾರ ಕೇಳುವುದು ಹಕ್ಕು, ಭಿಕ್ಷೆಯಲ್ಲ.

4. ಬಡತನ ರೇಖೆಯ ಕೆಳಗಿನ ಮನೆಯ ದುಡಿಯುವ ವ್ಯಕ್ತಿ 60 ವರ್ಷದೊಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಇದೆ. ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ಆತನ ಪಾಸ್‌ಬುಕ್ಕಿನಲ್ಲಿ ಜೀವನ ಜ್ಯೋತಿ ವಿಮೆಯ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ 2 ಲಕ್ಷದ ವಿಮೆಗೆ ಬ್ಯಾಂಕಿನಲ್ಲಿ ಕೇಳಬಹುದು.

5. ದಿನಕರ್ಮ ಮುಗಿಯುವ ಮೊದಲೇ ಸಾಲದ ಕಂತಿನ ಪುಸ್ತಕ ಹಿಡಿದು ಹೋಗಬೇಡಿ. ಸಭೆಯಲ್ಲಿ ಕೂತು ಆಕೆಗೆ ಸಮಯ ಕೊಡುವ ಠರಾವು ಮಾಡಿ.

ಚರ್ಚೆಗೆ ಪ್ರಶ್ನೆಗಳು

ನಮ್ಮ ಓಣಿಯಲ್ಲಿ ಇಂಥ ಸುದ್ದಿ ಬಂದಾಗ ಯಾರು, ಹೇಗೆ ತಿಳಿಸಿದರು? ಆಕೆಯ ಪ್ರಶ್ನೆಗಳಲ್ಲಿ ಇನ್ನೂ ಉತ್ತರ ಸಿಗದವು ಯಾವುವು? ಗುಳೆ ಹೋದವರ ಕೆಲಸದ ಜಾಗ, ಮೇಸ್ತ್ರಿಯ ಫೋನ್ ನಂಬರು ನಮ್ಮಲ್ಲಿ ಇವೆಯೇ?

ಈ ತಿಂಗಳ ನಿರ್ಣಯ

ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಆ ನಂಬರುಗಳನ್ನು ಬರೆದಿಡೋಣ. ಯಲಬುರ್ಗಾದ ಆ ತಂಗಿಗಾಗಿ ನಾವೂ ಆಕೆಯ ಗಂಡನ ಜೊತೆಗಿದ್ದವರನ್ನು ಹುಡುಕಲು ಶುರುಮಾಡಿದ್ದೇವೆ. ತಡವಾಯಿತು ನಿಜ. ಆದರೂ ಆತ ನೀರು ಕೇಳಿದನೋ ಇಲ್ಲವೋ, ಅದು ಆಕೆಗೆ ಗೊತ್ತಾಗಲಿ.