ಆಕಾಶದ ಕಲ್ಲಿಗೆ ಅಕ್ಷರ, ಅಂಕಿ

1. ಅಕ್ಷರವೇ ಬೇರೆ, ಅಂಕಿಯೇ ಬೇರೆ. 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲು ಎಚ್5. 2008ರ ಸೆಪ್ಟೆಂಬರ್ 12ರಂದು ಹೊಸೂರಿನಾಚೆ ಶೂಲಗಿರಿಯಲ್ಲಿ ಬಿದ್ದದ್ದು ಎಲ್‌ಎಲ್6. ಕಬ್ಬಿಣದ ಲೆಕ್ಕಕ್ಕೆ ಅಕ್ಷರ: ಹೆಚ್ಚಿದ್ದರೆ ಎಚ್, ಕಡಿಮೆಯಿದ್ದರೆ ಎಲ್, ಇನ್ನೂ ಕಡಿಮೆಯಿದ್ದರೆ ಎಲ್‌ಎಲ್. ಹುಟ್ಟಿದ ಕಾಯದೊಳಗೆ ಕಲ್ಲು ಎಷ್ಟು ಬೆಂದಿತ್ತು ಎಂಬುದಕ್ಕೆ ಅಂಕಿ, ಇಲ್ಲಿ ಮೂರರಿಂದ ಆರರವರೆಗೆ. 1967ರಲ್ಲಿ ವಿಜ್ಞಾನಿಗಳಾದ ವ್ಯಾನ್ ಶ್ಮಸ್ ಮತ್ತು ವುಡ್ ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಜೋಡಿಸಿದರು. ಜೋಡಿಸಿದ್ದಾರೆಂದು ಒಂದರಿಂದ ಇನ್ನೊಂದನ್ನು ಊಹಿಸಹೊರಟರೆ ಕೆಟ್ಟಿರಿ.

2. ಅಕ್ಷರಕ್ಕೆ ಆಲಿವೀನ್ ಖನಿಜವನ್ನು ಕೇಳಿ, ಲೋಹವನ್ನಲ್ಲ. ತಾಜಾ ಎಚ್ ಕಲ್ಲಿನ ಗಾತ್ರದಲ್ಲಿ ಶೇ. 8ರಷ್ಟು ಲೋಹವಿದ್ದರೆ ಎಲ್‌ನಲ್ಲಿ ಅದರ ಅರ್ಧ, ಎಲ್‌ಎಲ್‌ನಲ್ಲಿ ಇನ್ನೂ ಕಡಿಮೆ. ಆದರೆ ಮರುಭೂಮಿಯಲ್ಲಿ ಸಾವಿರಾರು ವರ್ಷ ಬಿದ್ದ ಎಚ್ ಕಲ್ಲಿನ ಲೋಹವೆಲ್ಲ ತುಕ್ಕಾಗಿ, ನೋಡಲು ಎಲ್‌ಎಲ್‌ನಂತೆಯೇ ಇರುತ್ತದೆ. ಆಲಿವೀನ್ ಅಷ್ಟು ಬೇಗ ಕೆಡುವುದಿಲ್ಲ. ಮೈಕ್ರೋಪ್ರೋಬ್‌ನಲ್ಲಿ ಅದರ ಫಾಯಲೈಟ್ ಅಂಶ, ಅಂದರೆ ಕಬ್ಬಿಣದ ಪಾಲು, ಶೇ. 16ರಿಂದ 20 ಬಂದರೆ ಎಚ್, ಇಪ್ಪತ್ತೈದರ ಒಳಗೆ ಎಲ್, 27 ದಾಟಿದರೆ ಎಲ್‌ಎಲ್. ಕ್ಯಾಲ್ಸಿಯಂ ಕಡಿಮೆಯಿರುವ ಪೈರಾಕ್ಸೀನ್ ಕೂಡ ಇದೇ ಸಾಕ್ಷ್ಯ ನುಡಿಯಬೇಕು. ಕಾಂಡ್ರೂಲ್‌ಗಳ (ಕಲ್ಲೊಳಗಿನ ದುಂಡು ಕಣಗಳ) ಗಾತ್ರವೂ ಸುಳಿವೇ: ಎಚ್‌ನವು ಚಿರೋಟಿ ರವೆಯಂತೆ, ಎಲ್‌ಎಲ್‌ನವು ಉಪ್ಪಿಟ್ಟಿನ ರವೆಯಂತೆ. ಸುಳಿವನ್ನೇ ತೀರ್ಪೆಂದು ಬರೆಯಬಾರದು, ಅಷ್ಟೆ.

3. ಅಂಕಿಯದೇ ನಿಜವಾದ ಕಷ್ಟ. ಇಲ್ಲಿ ಯಂತ್ರಕ್ಕಿಂತ ಕಣ್ಣಿಗೆ ಕೆಲಸ ಹೆಚ್ಚು. 0.03 ಮಿ.ಮೀ. ದಪ್ಪಕ್ಕೆ ತೇಯ್ದ ತೆಳುಛೇದವನ್ನು ಮೊದಲು ಕಡಿಮೆ ವರ್ಧನೆಯಲ್ಲಿ, ಪೋಲರಾಯ್ಡ್ ಅಡ್ಡ ತರದೆ, ಸಾವಕಾಶ ನೋಡಿ. ಮೂರನೇ ವರ್ಗದಲ್ಲಿ ಕಾಂಡ್ರೂಲ್‌ಗಳ ಅಂಚು ಚೂಪು, ಒಳಗೆ ಗಾಜು. ಆರಕ್ಕೆ ಬರುವಷ್ಟರಲ್ಲಿ ಅವು ಸುತ್ತಲಿನ ಹರಳುಗಳಲ್ಲಿ ಕರಗಿಹೋಗಿ, ಎಲ್ಲೋ ಒಂದರ ಬಾಹ್ಯರೇಖೆ ಮಾತ್ರ ಉಳಿದಿರುತ್ತದೆ. ನಾಲ್ಕರಿಂದಾಚೆಗೆ ಆಲಿವೀನ್ ಕಣದಿಂದ ಕಣಕ್ಕೆ ಒಂದೇ ಸಮ. ಮೂರರಲ್ಲಿ ಒಂದೊಂದು ಕಣ ಒಂದೊಂದು ಸಂಖ್ಯೆ ಹೇಳುತ್ತದೆ. ಹೀಗಾಗಿ ಮೂರನೇ ವರ್ಗದ ಕಲ್ಲಿನ ನಾಲ್ಕಾರು ಕಣಗಳ ಸರಾಸರಿಗೆ ಬೆಲೆಯಿಲ್ಲ. ಅಲ್ಲಿ ಚದರಿಕೆಯೇ ಮಾಹಿತಿ. 1976ರ ಜನವರಿಯಲ್ಲಿ ಗುಜರಾತಿನಲ್ಲಿ ಬಿದ್ದ ಧಜಾಲಾ ಎಚ್3.8: ಹೆಚ್ಚುಕಡಿಮೆ ಬೆಂದಿದೆ, ಪೂರ್ತಿ ಅಲ್ಲ. ಐದೋ ಆರೋ ಎಂಬ ಜಗಳಕ್ಕೆ ಪ್ಲೇಜಿಯೋಕ್ಲೇಸ್ ಕಣ 50 ಮೈಕ್ರಾನ್ ಮೀರಿದೆಯೇ ಎಂದು ಅಳೆಯುತ್ತೇವೆ. ಅಳೆದ ಮೇಲೂ ಅನುಭವಿಗಳಿಬ್ಬರು ಒಪ್ಪದಿದ್ದರೆ 5/6 ಎಂದು ಬರೆಯುವುದರಲ್ಲಿ ನಾಚಿಕೆಯಿಲ್ಲ.

4. ಬೆಂದದ್ದು, ಬಡಿಸಿಕೊಂಡದ್ದು ಒಂದೇ ಅಲ್ಲ. ಡಿಕ್ಕಿಯ ಆಘಾತಕ್ಕೆ ಎಸ್1ರಿಂದ ಎಸ್6ರವರೆಗೆ ಪ್ರತ್ಯೇಕ ಅಳತೆಯಿದೆ. ಪೋಲರಾಯ್ಡ್ ಅಡ್ಡ ತಂದಾಗ ಆಲಿವೀನ್ ಅಲೆಅಲೆಯಾಗಿ ಕತ್ತಲಾದರೆ ಪೆಟ್ಟು ಸಣ್ಣದು. ಪ್ಲೇಜಿಯೋಕ್ಲೇಸ್ ಕರಗದೆಯೇ ಗಾಜಾಗಿ ಮ್ಯಾಸ್ಕೆಲಿನೈಟ್ ಆಗಿದ್ದರೆ ಭಾರೀ ಪೆಟ್ಟು. ಈ ಮ್ಯಾಸ್ಕೆಲಿನೈಟನ್ನು ಖನಿಜಶಾಸ್ತ್ರಜ್ಞ ಚೆರ್ಮಾಕ್ 1872ರಲ್ಲಿ ಮೊದಲು ವಿವರಿಸಿದ್ದು ಬಿಹಾರದ ಶೇರ್‌ಘಾಟಿಯಲ್ಲಿ 1865ರಲ್ಲಿ ಬಿದ್ದ ಕಲ್ಲಿನಲ್ಲಿ. ಅದು ಮಂಗಳ ಗ್ರಹದ ಕಲ್ಲೆಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು.

5. ಒಂದು ಛೇದ ಇಡೀ ಕಲ್ಲಲ್ಲ. ಎಲ್‌ಎಲ್ ಕಲ್ಲುಗಳಲ್ಲಿ ಬಹಳಷ್ಟು ಬ್ರೆಕ್ಸಿಯಾಗಳು, ಬೇರೆ ಬೇರೆ ಮಟ್ಟಕ್ಕೆ ಬೆಂದ ಚೂರುಗಳು ಅಂಟಿಕೊಂಡವು. ಇನ್ನೊಂದು ಮಗ್ಗುಲಲ್ಲಿ ಕೊಯ್ಯಿರಿ.

6. ಕಾಂಡ್ರೂಲ್ ಕಾಣಲಿಲ್ಲವೆಂದ ಮಾತ್ರಕ್ಕೆ ಅಕಾಂಡ್ರೈಟ್ (ಕಾಂಡ್ರೂಲ್ ಇಲ್ಲದ ಜಾತಿಯ ಕಲ್ಲು) ಎನ್ನಲು ಅವಸರ ಬೇಡ. ಆಲಿವೀನ್ ಹೇರಳವಾಗಿದ್ದು, ನಡುನಡುವೆ ಲೋಹ, ಟ್ರಾಯ್ಲೈಟ್ (ಕಬ್ಬಿಣದ ಸಲ್ಫೈಡ್) ಹೊಳೆಯುತ್ತಿದ್ದರೆ ಅದು ಚೆನ್ನಾಗಿ ಬೆಂದ ಕಾಂಡ್ರೈಟೇ ಇರಬಹುದು. ನಿಜವಾದ ಅಕಾಂಡ್ರೈಟ್‌ನಲ್ಲಿ, ರಾಜಸ್ಥಾನದಲ್ಲಿ 1996ರಲ್ಲಿ ಬಿದ್ದ ಪಿಪ್ಲಿಯಾ ಕಲಾನ್‌ನಂಥ ಯೂಕ್ರೈಟ್‌ನಲ್ಲಾದರೋ ಬಸಾಲ್ಟಿನ ಹಾಗೆ ಪೈರಾಕ್ಸೀನ್, ಪ್ಲೇಜಿಯೋಕ್ಲೇಸ್‌ಗಳದೇ ಕಾರುಬಾರು. ಲೋಹ ಹುಡುಕಿದರೂ ಸಿಗುವುದು ಅಪರೂಪ.