ಪ್ಲಗ್ಗಿಗೆ ಕೈ ಹಾಕುವ ಮುನ್ನ

ಮಗಳ ಕಾಲೇಜಿನ ಅರ್ಜಿ ತುಂಬಲು ಅದೇ ಕೊನೆಯ ದಿನ. ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ನಡುವೆ ಚುಕ್ಕಿಗಳು ಗಿರಗಿರನೆ ಸುತ್ತುತ್ತಿವೆ. ಕೆಳಗೆ ಅಪ್‌ಡೇಟ್ ಶೇಕಡಾ 27 ಎಂದು ನಿಂತದ್ದು ನಿಂತೇ ಇದೆ. ಪಿತ್ತ ನೆತ್ತಿಗೇರಿ ಪ್ಲಗ್ ಕಿತ್ತೇ ಬಿಡುತ್ತೀರಿ. ಹೌದು ತಾನೇ? ನಾಚಿಕೊಳ್ಳಬೇಡಿ, ಒಮ್ಮೆ ನಾನೂ ಕಿತ್ತವಳೇ. ಮರುದಿನ ಕಂಪ್ಯೂಟರನ್ನು ಆಟೋದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದವಳೂ ನಾನೇ. ಅವಸರ ನನ್ನದು, ದಂಡವೂ ನನ್ನದು. ಅದಕ್ಕೇ ಈ ಮಾತು.

ನಿಮ್ಮ ಸಿಟ್ಟು ಸುಳ್ಳಲ್ಲ. ದುಡ್ಡು ಕೊಟ್ಟು ತಂದ ಯಂತ್ರ, ಯಜಮಾನರನ್ನು ಒಂದು ಮಾತೂ ಕೇಳದೆ ಎದ್ದು ಕೂತರೆ ಯಾರಿಗೆ ತಾನೇ ರೇಗುವುದಿಲ್ಲ? 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟು ಕೆಲವರ ಫೋಟೋ, ಕಾಗದಪತ್ರಗಳನ್ನೇ ಅಳಿಸಿಹಾಕಿತ್ತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿಯಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಣ್ಣು ಮುಚ್ಚಿ ನಂಬಿ ಎಂದು ನಾನೂ ಹೇಳುವುದಿಲ್ಲ.

ಆದರೆ ಯಾವುದೋ ವಿಡಿಯೋ ನೋಡಿಕೊಂಡು ಅಪ್‌ಡೇಟ್ ಬರುವ ದಾರಿಯನ್ನೇ ಶಾಶ್ವತವಾಗಿ ಮುಚ್ಚಿಬಿಡುತ್ತೀರಲ್ಲ, ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕತೆ. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೂ ಮುಂದೂಡಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆ ಅದೇ ವರ್ಷ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಪುರುಸೊತ್ತಿತ್ತು, ಹಾಕಿಕೊಳ್ಳಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಿಮ್ಮ ಬ್ಯಾಂಕಿನ ವ್ಯವಹಾರ, ಮೊಮ್ಮಗುವಿನ ನಾಮಕರಣದ ಫೋಟೋ ಎಲ್ಲವೂ ಆ ಒಂದು ಪೆಟ್ಟಿಗೆಯಲ್ಲೇ ಇವೆ ಎಂಬುದು ನೆನಪಿರಲಿ.

ಹಾಗಾಗಿ ಅಪ್‌ಡೇಟ್ ನಿಲ್ಲಿಸಬೇಡಿ, ಅದು ಬರುವ ಹೊತ್ತನ್ನು ನೀವೇ ಗೊತ್ತುಮಾಡಿ. ಮೊದಲು ಅದರ ವಾರ ತಿಳಿದುಕೊಳ್ಳಿ. 2003ರಿಂದಲೂ ಮೈಕ್ರೋಸಾಫ್ಟ್ ತನ್ನ ತೇಪೆಗಳನ್ನು ತಿಂಗಳ ಎರಡನೇ ಮಂಗಳವಾರ ಬಿಡುಗಡೆ ಮಾಡುತ್ತದೆ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ 10.30 ಅಥವಾ 11.30. ಮಂಗಳವಾರ ಹೊಸ ಕೆಲಸ ಶುರು ಮಾಡಬಾರದು ಎನ್ನುತ್ತಿದ್ದ ನಮ್ಮಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ! ಇರಲಿ, ನಮಗೆ ಕಾಟ ಶುರುವಾಗುವುದು ಬುಧವಾರದಿಂದ. ಅರ್ಜಿ, ತೆರಿಗೆ ಲೆಕ್ಕ, ಆನ್‌ಲೈನ್ ಪರೀಕ್ಷೆ ಇದ್ದರೆ ಆ ವಾರ ಎಚ್ಚರವಾಗಿರಿ. ಕೊನೆಯ ದಿನದವರೆಗೆ ಕಾಯುವ ಚಾಳಿಯನ್ನೂ ಬಿಡಿ. ಅದಕ್ಕೆ ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆಯಿರಿ. ಆಕ್ಟಿವ್ ಅವರ್ಸ್ ಎಂದಿರುತ್ತದೆ. ನೀವು ಕೆಲಸ ಮಾಡುವ ಹೊತ್ತನ್ನು ಅಲ್ಲಿ ನಮೂದಿಸಿದರೆ ಆ ಅವಧಿಯಲ್ಲಿ ಅದು ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. 18 ಗಂಟೆಯವರೆಗೂ ಕೊಡಬಹುದು. ಮನೆಯಲ್ಲಿ ಮದುವೆ, ಮಗನಿಗೆ ಪರೀಕ್ಷೆ ಎಂದಿದ್ದರೆ ಪಾಸ್ ಅಪ್‌ಡೇಟ್ಸ್ ಒತ್ತಿ 5 ವಾರದವರೆಗೆ ಮುಂದೂಡಬಹುದು. ಮೊಬೈಲಿನ ಹಾಟ್‌ಸ್ಪಾಟಿನಿಂದ ನೆಟ್ ಕೊಡುವವರು ಆ ವೈಫೈಗೆ ಮೀಟರ್ಡ್ ಕನೆಕ್ಷನ್ ಎಂದು ಗುರುತು ಹಾಕಿ. ಇಲ್ಲದಿದ್ದರೆ ದಿನದ ಡೇಟಾ ಪ್ಯಾಕ್ ಮಧ್ಯಾಹ್ನದೊಳಗೆ ಖಾಲಿ. ಆಪ್ಷನಲ್ ಅಪ್‌ಡೇಟ್ ಎಂದು ತೋರಿಸುವುದನ್ನೆಲ್ಲ ಆಸೆಪಟ್ಟು ಒತ್ತಬೇಡಿ. ಎಲೆಗೆ ಬಡಿಸಿದ್ದನ್ನು ಉಣ್ಣಿ, ಅಡುಗೆಮನೆಗೇ ನುಗ್ಗಬೇಡಿ.

ಇನ್ನೊಂದು ದುರಭ್ಯಾಸ ಬಹಳ ಮನೆಗಳಲ್ಲಿ ನೋಡಿದ್ದೇನೆ. ಲ್ಯಾಪ್‌ಟಾಪನ್ನು ಆಫ್ ಮಾಡುವುದೇ ಇಲ್ಲ, ಮುಚ್ಚಳ ಮುಚ್ಚಿ ಎದ್ದು ಹೋಗುವುದು. ವಾರಗಟ್ಟಲೆ ಹೀಗಾದರೆ ಅಪ್‌ಡೇಟು ಬಾಗಿಲಲ್ಲೇ ಕಾದು ಕಾದು, ನಿಮಗೆ ತೀರಾ ಅವಸರವಿದ್ದ ದಿನವೇ ಒಳಗೆ ಬರುತ್ತದೆ. ಅಪ್‌ಡೇಟ್ ಆ್ಯಂಡ್ ರೀಸ್ಟಾರ್ಟ್ ಕಂಡ ಸಂಜೆ, ಒಲೆಯ ಮೇಲೆ ಕುಕ್ಕರ್ ಇಡುವಾಗ ಅದನ್ನೂ ಒತ್ತಿಬಿಡಿ. ಊಟ ಮುಗಿಯುವಷ್ಟರಲ್ಲಿ ಅದರ ಕೆಲಸವೂ ಬಹುತೇಕ ಮುಗಿದಿರುತ್ತದೆ. ಚಾರ್ಜರ್ ಸಿಕ್ಕಿಸಿಯೇ ಇಡಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ. ನಮ್ಮ ಕರೆಂಟಿನ ಗುಣ ನಿಮಗೆ ಗೊತ್ತೇ ಇದೆ. ಅಂಕಿ ಒಂದೇ ಕಡೆ ನಿಂತರೂ ಒಂದೆರಡು ಗಂಟೆ ಸೈರಿಸಿ. ಅಪ್‌ಡೇಟ್ ಆದ ಮೇಲೆ ಪ್ರಿಂಟರ್ ಮುಷ್ಕರ ಹೂಡಿದರೆ ಅಪ್‌ಡೇಟ್ ಹಿಸ್ಟರಿಗೆ ಹೋಗಿ ಹೊಸದಾಗಿ ಬಂದ ತೇಪೆಯನ್ನು ತೆಗೆದು ನೋಡಿ. ಫೋಟೋಗಳ ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲಿ ಇರಲೇಬೇಕು. ಇದರಲ್ಲಿ ಮಾತ್ರ ನಾನು ರಾಜಿಯಾಗುವವಳಲ್ಲ.

"ನಮ್ಮದಕ್ಕೆ ಈಗ ಅಪ್‌ಡೇಟ್ ಕಾಟವೇ ಇಲ್ಲ" ಎಂದು ಯಾರಾದರೂ ನೆಮ್ಮದಿಯಾಗಿದ್ದರೆ, ನಿಮ್ಮದು ವಿಂಡೋಸ್ 10 ಅಲ್ಲ ತಾನೇ ಎಂದು ಮೊದಲು ನೋಡಿ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಅಪ್‌ಡೇಟುಗಳು ನಿಂತುಹೋದವು. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಮುಂಚೆ ತಿಳಿದವರೊಬ್ಬರಿಗೆ ತೋರಿಸಿ.

ಸರಿ, ಈಗ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ. ಹಾಲಿನ ಲೆಕ್ಕ ಬರೆಯುವ ಪೆನ್ನಿನಲ್ಲೇ ಬರುವ ತಿಂಗಳ ಎರಡನೇ ಮಂಗಳವಾರಕ್ಕೆ ಒಂದು ಸುತ್ತು ಹಾಕಿ ಬನ್ನಿ.